ಕೋಳಿ ಕೆದಕಿದ ಸಾಲು

ಮೊದಲ ಕಡಲೆಕಾಯಿ ಗಿಡ ಕಿತ್ತಾಗ ತಮಂಡಾನಿಯ ಕೈಗೆ ಬಂದದ್ದು ಬರೀ ಬೇರು. ಎರಡನೆಯದರಲ್ಲಿ ಮೂರು ಕಾಯಿ, ಮೂರೂ ಜಳ್ಳು. ಮೂರನೆಯದನ್ನು ಕಿತ್ತವಳೇ ಬೆನ್ನ ಹಿಂದೆ ಹಿಡಿದುಕೊಂಡಳು. ಹಿಂದೆ ಬದುವಿನ ಮೇಲೆ ನಿಂತಿದ್ದ ಹದಿನಾಲ್ಕು ಹೆಂಗಸರಿಗೆ ಅದು ಚೆನ್ನಾಗಿ ಕಾಣುತ್ತಿತ್ತು.

ಮ್ಚಿಂಜಿಯ ಕೃಷಿ ಕಚೇರಿಯಿಂದ ಚಿಸಾಲೆ ಸಾಹೇಬರು ಬಂದಿದ್ದೇ ಈ ಕೀಳುವಿಕೆ ನೋಡಲು. ತಮಂಡಾನಿಯ ಪ್ರಾತ್ಯಕ್ಷಿಕೆ ತಾಕು ಪಕ್ಕದಲ್ಲಿದ್ದ, ಆ ಹೆಂಗಸರಲ್ಲೊಬ್ಬಳಾದ ಫಲೆಸಿಯ ಹಳೇ ಪದ್ಧತಿಯ ಹೊಲವನ್ನು ಮೀರಿಸಿದರೆ ಮುಂದಿನ ಮಳೆಗೆ ಆ ಹದಿನಾಲ್ಕು ಮಂದಿಗೂ ಹೊಸ ಬಿತ್ತನೆ ಬೀಜ. ಇಲ್ಲವಾದರೆ ಬೀಜ ಬೇರೆ ಊರಿಗೆ.

ತಪ್ಪು ಎಲ್ಲಾಯಿತೆಂದು ಕೃಷಿ ಪದವೀಧರೆ ತಮಂಡಾನಿಗೆ ತಕ್ಷಣ ತಿಳಿಯಿತು. ತಿಳಿಯುವುದಕ್ಕೆ ಪದವಿಯೇನೂ ಬೇಕಿರಲಿಲ್ಲ. ಏರುಮಡಿ ಸರಿಯಿತ್ತು. ಜೋಡಿ ಸಾಲು, ಗಿಡದಿಂದ ಗಿಡಕ್ಕೆ ಅರ್ಧ ಗೇಣು. ಗಂಟು ಹಾಕಿದ ಹಗ್ಗ ಹಿಡಿದು ತಾನೇ ಅಳೆದಿದ್ದಳು. ಹುಲ್ಲಿನ ಹೊದಿಕೆ ತೆಳ್ಳಗಿರಲಿ ಎಂದು ಊರಿಗೆಲ್ಲ ಹೇಳಿದ್ದೂ ಅವಳೇ. ಆದರೆ ತೆಳ್ಳಗಿದ್ದರೆ ಸಾಹೇಬರ ಕಣ್ಣಿಗೆ ಬೀಳುವುದಿಲ್ಲವೆಂದು ತನ್ನ ತಾಕಿಗೆ ಮಾತ್ರ ಗೇಣೆತ್ತರ ಹೊದಿಸಿದ್ದಳು. ಹೂವು ಉದುರಿದ ಮೇಲೆ ಮಣ್ಣಿಗಿಳಿದು ಕಾಯಾಗಬೇಕಿದ್ದ ಸೂಜಿಯಂಥ ಎಳೆಗಳು ಹುಲ್ಲಿನಲ್ಲೇ ತೂಗಾಡಿ ಒಣಗಿದ್ದವು.

"ಎಲೆ ಮಾತ್ರ ಸೊಗಸಾಗಿ ಬೆಳೆದಿದೆ," ಎಂದರು ಸಾಹೇಬರು.

"ಸಾಹೇಬ್ರೇ, ಇತ್ಲಾಗ್ ಬನ್ನಿ," ಎಂದು ಫಲೆಸಿ ತಾಕಿನ ಅಂಚಿನಿಂದ ಕೂಗಿದಳು. ತಮಂಡಾನಿಯ ತಾಕಿನದೇ ಕೊನೆಯ ಮಡಿಯಲ್ಲಿ ಒಂದು ಗಿಡ ಕಿತ್ತು ಕೊಡವಿದಳು. ಬುಡದ ತುಂಬ ಕಾಯಿ, ಗೊಂಚಲು ಗೊಂಚಲಾಗಿ. ತನ್ನ ಹೊಲದ್ದೊಂದನ್ನೂ ಕಿತ್ತು ಪಕ್ಕಕ್ಕಿಟ್ಟಳು. ಅದರಲ್ಲಿ ಅರ್ಧವೂ ಇರಲಿಲ್ಲ.

ಸಾಹೇಬರು ಕುಕ್ಕರಗಾಲಲ್ಲಿ ಕೂತು ಮಡಿ ನೋಡಿದರು. ಅಲ್ಲಿ ಹುಲ್ಲೇ ಇರಲಿಲ್ಲ. "ಇಲ್ಲಿ ಏನ್ ಮಾಡಿದ್ರಿ, ತಮಂಡಾನಿ?"

ಹೂ ಬಿಟ್ಟಾಗ ಹೊದಿಕೆ ಸರಿಸಿದೆವು ಅಂದರೆ ಸಾಕಿತ್ತು. ಚೊಕ್ಕವಾದ ವಾಕ್ಯ, ವರದಿಯಲ್ಲೂ ಒಪ್ಪುತ್ತಿತ್ತು. ಹೆಂಗಸರು ಬದುವಿನ ಮೇಲಿಂದ ನೋಡುತ್ತಿದ್ದರು. ಅವಳು ಹೇಗೂ ಹಾಗೆಯೇ ಹೇಳುತ್ತಾಳೆಂದು ಅವರಿಗೆ ನಂಬಿಕೆ.

"ನಾನೇನೂ ಮಾಡ್ಲಿಲ್ಲ ಸರ್," ಎಂದಳು ತಮಂಡಾನಿ. "ಫಲೆಸಿ ಅಮ್ಮನ ಕೋಳಿಗಳು ಹುಲ್ಲು ಕೆದಕಿ ಹಾಕಿದ್ವು. ದಿನಾ ಸಂಜೆ ನಾನು ಮತ್ತೆ ಹೊದಿಸ್ತಿದ್ದೆ. ಕೊನೆಗೆ ಸೋತು ಆ ಒಂದು ಮಡಿ ಬಿಟ್ಬಿಟ್ಟೆ."

"ಕಲ್ಲು ಹೊಡೆದಿದ್ದೂ ಹೇಳಿ," ಎಂದಳು ಫಲೆಸಿ.

"ಕಲ್ಲೂ ಹೊಡೆದೆ ಸರ್."

"ನಮ್ಮ ಅಂಗಳಕ್ಕೆ ಬಂದು, ಕೋಳಿ ಇನ್ನೊಂದ್ಸಲ ಬಂದ್ರೆ ಕಡ್ಲೆಕಾಯಿ ಅರೆದು ಸಾರು ಮಾಡ್ತೀನಿ ಅಂದಿದ್ದು?"

"ಅದನ್ನೂ ಅಂದೆ."

ಸಾಹೇಬರು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಅವರ ನಮೂನೆಯಲ್ಲಿ ಕೋಳಿಗೆ ಜಾಗವಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು.

"ಮಡಿ ಸರಿ, ಅಂತರಾನೂ ಸರಿ. ಹುಲ್ಲು ತೆಳ್ಳಗಿರ್ಬೇಕು, ಹೂ ಬಂದಾಗ ಸರಿಸ್ಬೇಕು. ಬೀಜ ಕಳಿಸ್ತೀನಿ. ಆದ್ರೆ ಇವ್ರಿಗೆಲ್ಲ ಹೇಳ್ಕೊಡೋರು ಯಾರು?"

ಹದಿಮೂರು ಕೈಗಳು ಫಲೆಸಿಯತ್ತ ಚಾಚಿದವು. ಮಣ್ಣು ಮೆತ್ತಿದ ಹದಿನಾಲ್ಕನೆಯ ಕೈ ತಮಂಡಾನಿಯದು.

ಫಲೆಸಿ ಸೊಂಟದ ಬಟ್ಟೆ ಬಿಗಿದು ಕಟ್ಟಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀವೂ ಕಲಿಯೋಕೆ ಬನ್ನಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಹೊತ್ತು ಹುಟ್ಟೋಕ್ಮುಂಚೆ ಬರ್ಬೇಕು. ನಮ್ಮ ಮೇಷ್ಟ್ರುಗಳು ಗೂಡಿಂದ ಬೇಗ ಹೊರಟ್ಬಿಡ್ತಾರೆ."