ಬುಧವಾರದ ತಾಳ

ಇಡೀ ಕಟ್ಟಡಕ್ಕೆ ಒಂದೇ ಆದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಟೂವಾ ಮೈಕು ಹಿಡಿದು ಓಡೋಡಿ ಬಂದರೆ, ಸರದಿಯ ಹಲಗೆಯ ಮೇಲೆ ಬುಧವಾರ ಸಂಜೆಯನ್ನು ತಮಗೆಂದು ಕಾದಿರಿಸಲು ಮೂರನೇ ಮಹಡಿಯ ಯೋರ್ಡಿಸ್ ಹಾಕಿದ ಪುಟ್ಟ ಬೀಗ ನೇತಾಡುತ್ತಿತ್ತು. ಅದರ ಕೆಳಗೇ ಯೋರ್ಡಿಸ್ ಕೂಡ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಇದು ನನ್ನ ಸರದಿ. ಹೋದ ಸಲ ಮಷಿನ್ನಿನ ಜಾಲರಿಗೆ ಅಂಟಿದ ಬಟ್ಟೆಯ ಜುಂಗು ತೆಗೀದೆ ಹೋದವಳು ನೀನೇ ತಾನೆ?"

"ಅಜ್ಜಿ, ದಯವಿಟ್ಟು..."

"ಅಜ್ಜಿ ಅಂದ್ರೆ ನಿನ್ನನ್ನೂ ಮಷಿನ್ನಿಗೆ ಹಾಕಿ ತಿರುಗಿಸ್ತೀನಿ. ನನಗೊಂದು ಹೆಸರಿದೆ."

"ಯೋರ್ಡಿಸ್, ನಾಳೆ ಬೆಳಿಗ್ಗೆ ಮೂಲೆಯ ಈ ಪದೇ ಪದೇ ಕೆಡೋ ಹಳೇ ಮಷಿನ್ ಗುಜರಿಗೆ ಹೋಗುತ್ತೆ. ನನ್ನ ಮೊದಲನೇ ಆಲ್ಬಮ್ಮಿನ ಕೊನೇ ಹಾಡಿಗೆ ಇದರ ಸದ್ದೇ ಬೇಕು. ನಮ್ಮನೆ ಇದರ ನೆತ್ತಿ ಮೇಲೇ ಇದೆಯಲ್ಲ, ಚಿಕ್ಕಂದಿನಿಂದ ಬುಧವಾರ ಬಂತು ಅಂದ್ರೆ ನೆಲದಡಿಯಿಂದ ದುಡುಂ ದುಡುಂ ಟಕ್. ನನ್ನ ಹಾಡೆಲ್ಲ ಹುಟ್ಟಿದ್ದೇ ಅದರಿಂದ."

"ರೇಡಿಯೋದಲ್ಲಿ ನೀನು ಬೇರೇನೋ ಹೇಳಿದ್ದೆ. ಬರ್ಲಿನ್ನಿನ ಕ್ಲಬ್ಬುಗಳ ಪ್ರಭಾವ ಅಂತ. ಯಾವಾಗ ಹೋಗಿದ್ದೆ ಬರ್ಲಿನ್ನಿಗೆ?"

ಟೂವಾ ಸಿಕ್ಕಾಗದ ವೈರನ್ನೂ ಬಿಡಿಸತೊಡಗಿದಳು. "ಹೋಗಿಲ್ಲ. ಬಟ್ಟೆ ಒಗೆಯೋ ಮಷಿನ್ ಅಂದ್ರೆ ನಗ್ತಾರೆ ಅಂತ..."

ಯೋರ್ಡಿಸ್ ಮೂಗಿನಲ್ಲೇ ನಕ್ಕು ಪಕ್ಕಕ್ಕೆ ಸರಿದರು. ಟೂವಾ ತನ್ನ ಅಂಗಿಗಳನ್ನು ತುರುಕಿ, ಮೈಕು ಒಡ್ಡಿ, ಉಸಿರು ಬಿಗಿಹಿಡಿದಳು. ಮಷಿನ್ನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು, ಅಷ್ಟೇ. ದುಡುಂ ಇಲ್ಲ, ಟಕ್ ಇಲ್ಲ. ಟೂವಾಳ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು.

"ಸದ್ದೇ ಸತ್ತುಹೋಗಿದೆ. ಇನ್ನೇನು ಹಾಡಲಿ?"

ಯೋರ್ಡಿಸ್ ಬಾಗಿಲಾಚೆ ಒಮ್ಮೆ ಇಣುಕಿ ನೋಡಿ, ಚಿಲಕ ಹಾಕಿದರು. ಆಮೇಲೆ ತಮ್ಮ ಬುಟ್ಟಿಯ ಮೇಲಿನ ದುಪ್ಪಟಿ ಸರಿಸಿದರು. ಒಳಗೆ ಸುರುಳಿ ಸುತ್ತಿದ, ಬಟ್ಟೆಚಿಂದಿಗಳಿಂದ ನೇಯ್ದ ದಪ್ಪ ಜಮಖಾನ.

ಟೂವಾ ಗೋಡೆಯ ಬೋರ್ಡು ನೋಡಿದಳು: ಜಮಖಾನ ಹಾಕುವಂತಿಲ್ಲ. ಆ ಬೋರ್ಡು ಬರೆದು ಅಂಟಿಸಿದವರೂ ಯೋರ್ಡಿಸ್ ಅವರೇ.

"ಅಂದ್ರೆ... ಬುಧವಾರದ ಆ ಸದ್ದು... ಮಷಿನ್ ಕೆಟ್ಟದ್ದು..."

"ಬಾಯ್ಮುಚ್ಚು. ನಮ್ಮಮ್ಮ ನೇಯ್ದದ್ದು, ಕೈಯಲ್ಲಿ ಒಗೆಯೋಕೆ ನನ್ನ ಬೆನ್ನು ಕೇಳೋಲ್ಲ. ನಿನಗೆ ಹಾಡು ಬೇಕೋ, ನ್ಯಾಯ ಬೇಕೋ?"

ಜಮಖಾನ ನೀರು ಕುಡಿದು ಒಂದು ಬದಿಗೆ ಉಂಡೆಗಟ್ಟಿತು. ಮಷಿನ್ನು ನಡುಗಿತು, ಕುಣಿಯಿತು. ದುಡುಂ ದುಡುಂ ಟಕ್. ಟೂವಾ ಕಣ್ಣು ಮುಚ್ಚಿ ಹಾಡತೊಡಗಿದಳು. ಹಾಡು ಮುಗಿದು, ಮಷಿನ್ನು ಕೊನೆಯ ಸಲ ಕೆಮ್ಮಿ ನಿಂತಾಗ, ಮೈಕು ಇನ್ನೂ ಚಾಲೂ ಇದೆಯೆಂಬುದನ್ನು ಮರೆತು ಯೋರ್ಡಿಸ್ ರೂಢಿಯಂತೆ ಗದರಿದರು, "ಜಾಲರಿಯ ಜುಂಗು ತೆಗೆದು ಹೋಗು."

ಟೂವಾ ಆ ಮಾತನ್ನು ಅಳಿಸಲಿಲ್ಲ.

ಆಲ್ಬಮ್ ಬಂದ ತಿಂಗಳಿಗೆ ಊರಿನ ಸಭಾಂಗಣದಲ್ಲಿ ಅವಳ ಹಾಡಿನ ಕಛೇರಿ. ಯಾರ ಪ್ರಭಾವ ಎಂದು ನಿರೂಪಕ ಕೇಳಿದಾಗ ಈ ಸಲ ಅವಳು ಬರ್ಲಿನ್ನಿನ ಸುದ್ದಿ ಎತ್ತದೆ, ಮೊದಲ ಸಾಲಿನಲ್ಲಿ ಏಲಕ್ಕಿ ಬನ್ನು ತಿನ್ನುತ್ತಿದ್ದ ಯೋರ್ಡಿಸ್ ಕಡೆ ಕೈ ತೋರಿಸಿದಳು. ಕೊನೇ ಹಾಡು ಮುಗಿದು ದುಡುಂ ನಿಂತಿತೋ ಇಲ್ಲವೋ, ಇಡೀ ಸಭಾಂಗಣ ಒಕ್ಕೊರಲಿನಿಂದ ಗದರಿತು, "ಜಾಲರಿಯ ಜುಂಗು ತೆಗೆದು ಹೋಗು."

ಯೋರ್ಡಿಸ್ ತುಟಿಗಂಟಿದ ಸಕ್ಕರೆ ಒರೆಸಿಕೊಂಡು ವೇದಿಕೆಯತ್ತ ಬೆರಳು ಆಡಿಸಿದರು.

"ನೋಡು, ಊರಿಗೆಲ್ಲ ಬಾಯಿಪಾಠ ಆಗಿದೆ. ನೀನು ಮಾತ್ರ ನಿನ್ನೆ ಕೂಡ ತೆಗೆದಿಲ್ಲ."