ನೊರೆ ಬಾರದ ಸುಣ್ಣ

ಮೂರು ಬಟ್ಟಲಿಗೂ ವಿನೆಗರ್ ಸುರಿದವನು ತಮ್ಮ. ಮೂವತ್ತು ವರ್ಷ ಸೋಡಾ ಅಂಗಡಿ ನಡೆಸಿದವನು. ಗುಳುಗುಳು ಅನ್ನದ ವಸ್ತುವನ್ನು ಜನ್ಮದಲ್ಲಿ ನಂಬಿದವನಲ್ಲ. "ಹೊಲದ ಮಣ್ಣು ಹುಳಿಯಾಗಿದೆ, ಸುಣ್ಣ ಹಾಕಿ ಅಂದ್ರಲ್ಲ ಮಣ್ಣು ಪರೀಕ್ಷೆಯವರು? ಯಾವ ಸುಣ್ಣ ಅಂತ ಅವರನ್ನ ಮತ್ತೆ ಯಾಕೆ ಕೇಳ್ಬೇಕಕ್ಕ? ಹುಳಿಗೇ ಹಾಕಿ ನೋಡೋಣ, ಅದೇ ಬಾಯಿ ಬಿಡುತ್ತೆ," ಎಂದು ಅಡುಗೆಮನೆಯ ಮೇಜಿನ ಮುಂದೆ ತೋಳೇರಿಸಿ ನಿಂತ.

ಅಕ್ಕ ಒಂದೊಂದು ಬಟ್ಟಲಿಗೆ ಒಂದೊಂದು ಚಮಚ ಸುಣ್ಣ ಹಾಕಿದಳು. ಮೊದಲನೆಯದಕ್ಕೆ ಕಪ್ಪೆಚಿಪ್ಪಿನ ನುಚ್ಚು, ಮೂಟೆಗೆ ಅರವತ್ತು ರೂಪಾಯಿ. ಎರಡನೆಯದಕ್ಕೆ ಸುಣ್ಣಕಲ್ಲಿನ ಪುಡಿ, ನೂರಹತ್ತು. ಮೂರನೆಯದಕ್ಕೆ ಗೂಡಿನಲ್ಲಿ ಸುಟ್ಟು, ನೀರು ಚಿಮುಕಿಸಿ ಅರಳಿಸಿದ ಸುಣ್ಣ, ಇನ್ನೂರ ನಲವತ್ತು. ಅದನ್ನೊಂದು ಚೀಲ ಹೊತ್ತು ತಂದವನು ಅಳಿಯ. ಸುಣ್ಣದ ಗೂಡಿನಲ್ಲೇ ಅವನ ಕೆಲಸ. ಮಗಳು ತಾನೇ ಮೆಚ್ಚಿ ಮದುವೆಯಾಗಿ ಮೂರು ತಿಂಗಳಾಗಿತ್ತು. ಮಾತಿಗೆ ಬರಗಾಲ ಬಂದಂಥ ಮನುಷ್ಯ, ಬಾಗಿಲ ಪಕ್ಕದಲ್ಲಿ ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದ. ಹೆಣ್ಣು ಕೊಟ್ಟ ಮನೆಗೇ ಸುಣ್ಣ ಮಾರಲು ಬಂದನೇ ಎಂಬ ಅನುಮಾನ ಅಕ್ಕನ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಎರಡು ವರ್ಷದಿಂದ ಆ ಹೊಲದ ಬಟಾಣಿ ಮೊಣಕಾಲೆತ್ತರಕ್ಕೆ ಬರುವ ಮೊದಲೇ ಹಳದಿ ತಿರುಗಿ ಕುಸಿಯುತ್ತಿತ್ತು. ಮಣ್ಣು ತೋಡಿ ಇಟ್ಟಿಗೆ ಸುಡುತ್ತೇನೆ, ಕೊಟ್ಟುಬಿಡಿ ಎಂದು ಇಟ್ಟಿಗೆಯವನು ವಾರಕ್ಕೊಮ್ಮೆ ಬಂದು ಹಲ್ಲು ಕಿರಿಯುತ್ತಿದ್ದ. ಅವಳು ಬೆಳಿಗ್ಗೆ ದೇವರಿಗೆ ಕೈಮುಗಿದು, ಕಣ್ಣು ಬಿಟ್ಟು ಮೊದಲು ನೋಡುತ್ತಿದ್ದದ್ದು ಕಿಟಕಿಯಾಚೆಯ ಆ ಹೊಲವನ್ನೇ. ಈ ಸಲವೂ ಪೈರು ಏಳದಿದ್ದರೆ ಅಲ್ಲಿ ಕಾಣಲಿಕ್ಕೆ ಉಳಿಯುವುದು ಒಂದು ಗುಂಡಿ.

ಕಲ್ಲಿನ ಪುಡಿ ಹಾಲುಕ್ಕಿದಂತೆ ಭುಸ್ಸೆಂದು ಎದ್ದು, ತುಸು ಹೊತ್ತಿಗೆ ಇಳಿಯಿತು. ಚಿಪ್ಪಿನ ನುಚ್ಚು ಒಂದೊಂದೇ ಗುಳ್ಳೆ ಬಿಡುತ್ತಾ ಕೂತಿತು. ನಿಲ್ಲಿಸುವ ಲಕ್ಷಣವೇ ಇರಲಿಲ್ಲ. ಗೂಡಿನ ಸುಣ್ಣ ಮಾತ್ರ ತಳಕ್ಕೆ ಹೋಗಿ ಮಲಗಿಬಿಟ್ಟಿತು.

"ಗ್ಯಾಸ್ ಹೋದ ಸೋಡಾ ಇದು," ತಮ್ಮ ಆ ಬಟ್ಟಲನ್ನು ಒಂದೇ ಬೆರಳಿಂದ ದೂರ ತಳ್ಳಿದ. "ಚಿಪ್ಪು ನೋಡಕ್ಕ, ಕಾಲು ಗಂಟೆ ಆಯ್ತು, ಇನ್ನೂ ಗುಳುಗುಳು ಅಂತಿದೆ. ದಮ್ಮು ಅಂದ್ರೆ ಅದು. ಬೆಲೆನೂ ಕಡಿಮೆ. ಗಾಡಿಯವನಿಗೆ ಹೇಳ್ಲಾ?"

ಅವಳು ಬಾಗಿಲ ಕಡೆ ತಿರುಗಿದಳು. "ನಿಮ್ಮದು ಯಾಕೋ ಉಸಿರೇ ಎತ್ತಲಿಲ್ವಲ್ಲ ಅಳಿಯಂದಿರೇ?"

"ಅದಕ್ಕೆ ಉಸಿರಿಲ್ಲ ಅತ್ತೆಯವರೇ. ಸುಡುವಾಗ್ಲೇ ಬಿಟ್ಟುಬಿಟ್ಟಿರುತ್ತೆ."

"ಉಸಿರು ಹೋದದ್ದನ್ನ ನಮ್ಮನೆಗೆ ಹೊತ್ತು ತಂದ್ರಾ?" ತಮ್ಮ ಹೊಟ್ಟೆ ಕುಣಿಸಿ ನಕ್ಕ.

ಅಳಿಯನಿಗೂ ನಗು ಬಂತು. "ಗುಳ್ಳೆ ನೋಡ್ಬೇಡಿ ಮಾವ. ಮೂಸಿ ನೋಡಿ."

ಮೂಸಿದವಳು ಅಕ್ಕ. ಮೊದಲನೆಯ ಬಟ್ಟಲಿನ ಘಾಟು ನೆತ್ತಿಗೇರಿ ಎರಡು ಸೀನು ಬಂದವು. ಎರಡನೆಯದರಲ್ಲಿ ಹುಳಿ ಇತ್ತೋ ಇಲ್ಲವೋ ಅನ್ನುವಷ್ಟು. ಮೂರನೆಯದರಲ್ಲಿ ಮೂಗು ಅದ್ದಿಹೋಗುವಷ್ಟು ಬಗ್ಗಿದರೂ ಒದ್ದೆ ಗೋಡೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

"ಹುಳಿ ಇರೋವರೆಗೂ ಗುಳ್ಳೆ ಬರ್ತಾನೇ ಇರುತ್ತೆ," ಎಂದ ಅಳಿಯ. "ಚಿಪ್ಪು ಅಷ್ಟು ಹೊತ್ತಿಂದ ಕೂಗ್ತಿರೋದು ಕೆಲಸ ಮುಗಿದಿಲ್ಲ ಅಂತ. ನುಚ್ಚು ದಪ್ಪ ನೋಡಿ, ಮಣ್ಣಲ್ಲಿ ಕರಗೋಕೆ ವರ್ಷಗಟ್ಟಲೆ ಹಿಡಿಯುತ್ತೆ. ನಮ್ಮದು ಬಾಯಿ ಮುಚ್ಕೊಂಡು ಆಗ್ಲೇ ಮುಗಿಸಿಬಿಟ್ಟಿದೆ."

ಈಗ ಬಂತು ವ್ಯಾಪಾರ, ಎಂದುಕೊಂಡಳು ಅತ್ತೆ. "ಅಂದ್ರೆ ನಿಮ್ಮದೇ ತಗೋಬೇಕು."

"ಬೇಡ. ಬಿತ್ತನೆಗೆ ಇನ್ನೆಷ್ಟು ದಿನ ಇದೆ?"

"ಎರಡು ತಿಂಗಳು."

"ಮುಂದಿನ ವಾರ ಅಂದಿದ್ರೆ ನಮ್ಮದೇ ಹಾಕಿ ಅಂತಿದ್ದೆ. ಎರಡು ತಿಂಗಳಿದ್ರೆ ಕಲ್ಲಿನ ಪುಡಿ ಸಾಕು. ನಮ್ಮದು ಹದಿನೈದು ಮೂಟೆ ಹಿಡಿಯೋ ಕಡೆ ಅದು ಇಪ್ಪತ್ತು ಬೇಕು, ಆದ್ರೂ ನಿಮಗೆ ಸಾವಿರದ ನಾನೂರು ಉಳಿಯುತ್ತೆ. ಎರಡನೇ ಬಟ್ಟಲು ಇನ್ನೊಂದ್ಸಲ ಮೂಸಿ ನೋಡಿ."

ಮೂಸಿದಳು. ಇಷ್ಟು ಮಾತಾಡುವಷ್ಟರಲ್ಲಿ ಅದರ ಹುಳಿಯೂ ಇಂಗಿಹೋಗಿತ್ತು.

"ಪುಡೀನ ಬೆರಳಲ್ಲಿ ಉಜ್ಜಿದ್ರೆ ಹಿಟ್ಟಿನ ಥರ ಇರ್ಬೇಕು, ಅಷ್ಟೆ. ಮರಳು ಮರಳಾಗಿದ್ರೆ ಅದೂ ಚಿಪ್ಪಿನ ತಮ್ಮನೇ."

ತಮ್ಮ ಅನ್ನುವ ಮಾತು ತನಗೆ ಹೇಳಿದ್ದೋ ಚಿಪ್ಪಿಗೋ ತಿಳಿಯದೆ ಸೋಡಾದವನು ತಲೆ ಕೆರೆದುಕೊಂಡ. "ಮತ್ತೆ ನಿಮ್ಮ ಚೀಲ ಯಾಕಪ್ಪಾ ಅಷ್ಟು ದೂರದಿಂದ ಹೊತ್ತು ತಂದ್ರಿ?"

"ಹೋಲಿಸಿ ನೋಡೋಕೆ ಎಲ್ಲಾ ಬೇಕಲ್ಲ ಮಾವ."

ಅವಳು ಎರಡನೇ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಗಿತ್ತು. "ಇಟ್ಟಿಗೆಯವನು ಬಂದ್ರೆ ಬೇರೆ ಕಡೆ ತೋಡ್ಕೋ ಅಂತ ಹೇಳು," ಎಂದಳು ತಮ್ಮನಿಗೆ. ಆಮೇಲೆ ಅಳಿಯನ ಕಡೆ ನೋಡಿ, "ನಾಳೆ ಗಾಡಿ ಜೊತೆ ನೀನೇ ಹೋಗು. ಉಜ್ಜಿ ನೋಡಿ ತಗೊಂಡು ಬಾ," ಎಂದಳು.

ತಮ್ಮ ಕೆಮ್ಮಿದ. "ಅಕ್ಕಾ, ಅಳಿಯಂದಿರಿಗೆ ಹೋಗು ಬಾ ಅಂತಿದ್ದೀಯ."

"ಅಂದೆನಾ," ಎಂದಳು. ತಿದ್ದಿಕೊಳ್ಳಲಿಲ್ಲ.

ಅಳಿಯ ಎದ್ದು ನಲ್ಲಿಯ ಕೆಳಗೆ ಕೈ ತೊಳೆದುಕೊಂಡ. ತೊಳೆದ ಕೈಯನ್ನು ಅವಳ ಸೆರಗಿನ ತುದಿಗೇ ಒರೆಸಿಕೊಂಡ.

"ಹಸಿವಾಗ್ತಿದೆ ಅತ್ತೆ," ಎಂದ. "ಊಟಕ್ಕೆ ಹಾಕು."