ಹರಕೆಯ ಕೂದಲು

“ಎಂಥ ಕೂದಲು ಇದು ರಾಜೀವಕ್ಕ? ಹುಡುಗನ ಕಿವಿಯೇ ಕಾಣುವುದಿಲ್ಲವಲ್ಲ!” ವರನ ತಾಯಿ ಕಾಫಿ ಲೋಟ ಕೆಳಗಿಟ್ಟು ರಾಜೀವಿಯ ಮಗನನ್ನೇ ದಿಟ್ಟಿಸಿದರು. ಮಗಳು ಅಪ್ಪಿಯನ್ನು ನೋಡಲು ಮುಂಬಯಿಯ ದಹಿಸರ್‌ನ ಚಾಳಿನ ಮನೆಗೆ ಬಂದಿದ್ದ ಒಳ್ಳೆಯ ಸಂಬಂಧವದು. ಅಣ್ಣನ ಕೂದಲಿಗೆ ತಂಗಿಯ ಮದುವೆ ಸಿಕ್ಕಿಕೊಂಡಿತಲ್ಲ ಎಂದು ರಾಜೀವಿ ಹೆದರಿದಳು. ಬೀಟಲ್ಸ್ ಎಂಬ ಹಾಡುಗಾರರ ಫೋಟೋ ನೋಡಿ ಬೆಳೆಸಿದ್ದೆಂದು ಬೀಗರೆದುರು ಹೇಳುವುದುಂಟೇ?

“ತಿರುಪತಿಗೆ ಮುಡಿ ಕೊಡುವ ಹರಕೆ ಉಂಟು,” ಎಂದುಬಿಟ್ಟಳು.

“ಹರಕೆ ಹೊತ್ತವರು ಗಡ್ಡಕ್ಕೂ ಕತ್ತಿ ತಾಗಿಸುವುದಿಲ್ಲ. ಇವನ ಗಲ್ಲ ಬೆಣ್ಣೆಯ ಹಾಗೆ ಉಂಟಲ್ಲ?”

ರಾಜೀವಿ ಕಾಫಿ ಲೋಟ ಎತ್ತಲು ಬಾಗಿದಳು. ಆ ತಾಯಿ ಪಕ್ಕದಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಬೆವರುತ್ತಾ ಕೂತಿದ್ದ ವರನತ್ತ ಕೈಚಾಚಿ ಟೋಪಿಯನ್ನು ಸರಕ್ಕನೆ ಎಳೆದರು. ಒಳಗೆ ಅಡಗಿದ್ದ ಕೂದಲು ಹುಬ್ಬು, ಕಿವಿಗಳ ಮೇಲೆ ಜಾರಿ ಬಿತ್ತು.

“ಇವನದ್ದೂ ಅದೇ ಹರಕೆ ಮಾರಾಯ್ರೆ! ನೀವು ಬೇಡ ಅಂತೀರೋ ಏನೋ ಅಂತ, ನೆಗಡಿ ಹೆಸರು ಹೇಳಿ ಟೋಪಿ ಹಾಕಿಸಿ ಕರ್ಕೊಂಡು ಬಂದೆ.”

ರಾಜೀವಿ ಸೆರಗಿನಿಂದ ಹಣೆಯ ಬೆವರೊರೆಸಿಕೊಂಡಳು. ಅವಳು ನಗುವ ಮೊದಲೇ, ಬಾಗಿಲ ಪರದೆಯ ಹಿಂದಿನಿಂದ ಅಪ್ಪಿ ನಕ್ಕಳು.